ಬಾವಲಿ ಗಡಿಯಲ್ಲಿ ಅವರೆ ಬೀಜದ ಓಡಾಟ

ಎಚ್.ಡಿ. ಕೋಟೆ ಕಡೆಯವರು ಬಿತ್ತನೆ ಬೀಜಕ್ಕೆ ಕೇರಳಕ್ಕೆ ಹೋಗುತ್ತಾರಾ ಅಂತ ಕೇಳಿದ್ದೀರಿ. ಬೀಜಕ್ಕೆ ಅಂತಲೇ ಯಾರೂ ಹೋಗುವುದಿಲ್ಲ. ಆದರೆ ಬೀಜ ಹೋಗುತ್ತಾ ಬರುತ್ತಾ ಇರುತ್ತದೆ.

ಮೈಸೂರು ಜಿಲ್ಲೆಯ ಈ ಮೂಲೆ ಕೇರಳದ ವಯನಾಡಿಗೆ ಅಂಟಿಕೊಂಡಿದೆ. ಕಬಿನಿ ಅಲ್ಲಿ ಹುಟ್ಟಿ ಇಲ್ಲಿ ಬೀಚನಹಳ್ಳಿ ಅಣೆಕಟ್ಟಿಗೆ ಬರುತ್ತದೆ. ಗಡಿ ದಾಟಿ ವಯನಾಡಿಗೆ ಹೋಗುವ ಬಾವಲಿ ರಸ್ತೆಯಲ್ಲಿ ಕಾಡುಪ್ರಾಣಿಗಳ ಸಲುವಾಗಿ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ. ಹಗಲು ಹೊತ್ತು ಮಾತ್ರ ಜನ ಓಡಾಡುತ್ತಲೇ ಇರುತ್ತಾರೆ. ಆ ಕಡೆಯವರು ಶುಂಠಿ ಹಾಕಲು ಇಲ್ಲಿ ಜಮೀನು ಗುತ್ತಿಗೆ ಹಿಡಿಯುತ್ತಾರೆ. ಈ ಕಡೆಯ ತರಕಾರಿ ಅಲ್ಲಿಯ ಸಂತೆಗೆ ಹೋಗುತ್ತದೆ. ಯರವ ಬುಡಕಟ್ಟಿನವರ ನೆಂಟರು ಎರಡೂ ಕಡೆ ಇದ್ದಾರೆ. ಹೀಗೆ ಬಂದವರ ಕೈಯಲ್ಲಿ ಉದ್ದನೆ ಕಾಯಿಯ ಅಲಸಂದೆಯ ಒಂದು ಹಿಡಿ ಬೀಜ ಬರುತ್ತದೆ, ವಾಪಸ್ ಹೋಗುವಾಗ ಒಂದು ಸೇರು ಅವರೆ ಹೋಗುತ್ತದೆ. ಲೆಕ್ಕ ಬರೆಯುವವರು ಯಾರೂ ಇಲ್ಲ.

ನಮ್ಮ ಕಡೆ ಅವರೆ ಅಂದರೆ ರಾಗಿ ಹೊಲದ ಅಕ್ಕಡಿ ಸಾಲು, ಅಂದರೆ ರಾಗಿಯ ನಡುನಡುವೆ ಹಾಕುವ ಬೇರೆ ಬೆಳೆಯ ಸಾಲು. ಮಳೆಗಾಲದಲ್ಲಿ ರಾಗಿ ಜೊತೆ ಬಿತ್ತಿದರೂ ನಾಟಿ ಅವರೆ ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದಿಲ್ಲ. ಚಳಿ ಬಿದ್ದು ಇಬ್ಬನಿ ಕುಡಿದ ಮೇಲೆ ಕಾಯಿ. ಆ ಕಾಯಿ ಮುಟ್ಟಿದರೆ ಕೈಗೆ ಎಣ್ಣೆಯ ಹಾಗೆ ಅಂಟುತ್ತದೆ. ಸೊಗಡು ಅನ್ನುವುದು ಆ ಎಣ್ಣೆಯ ಘಮವನ್ನೇ. ಸಂಕ್ರಾಂತಿ ಹೊತ್ತಿಗೆ ಮುದ್ದೆಗೆ ಹಿತಕವರೆ ಸಾರು ಇಲ್ಲದ ಮನೆ ಇಲ್ಲಿ ಕಡಿಮೆ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಅನ್ನುವ ತಳಿ ಕೊಟ್ಟರು. ಗಿಡ ಗಿಡ್ಡ, ಹಗಲು ಉದ್ದವೋ ಚಿಕ್ಕದೋ ಅನ್ನುವ ಹಂಗಿಲ್ಲ. ನೀರಿದ್ದರೆ ವರ್ಷದಲ್ಲಿ ಯಾವಾಗ ಬೇಕಾದರೂ ಬಿತ್ತಬಹುದು. ಬೇಸಿಗೆಯಲ್ಲೂ ಅವರೆಕಾಯಿ ಮಾರಿ ನಾಲ್ಕು ಕಾಸು ನೋಡಿದ ಸಣ್ಣ ರೈತರಿಗೆ ಇದು ದೊಡ್ಡ ಉಪಕಾರ. ಆದರೆ ನಾಟಿಯ ಸೊಗಡು ಅದರಲ್ಲಿ ಅಷ್ಟಿಲ್ಲ. ನನ್ನ ಪ್ರಕಾರ ಎರಡೂ ಬೇಕು. ಒಂದಕ್ಕಾಗಿ ಇನ್ನೊಂದನ್ನು ಕೈಬಿಟ್ಟರೆ ಮುಂದೆ ತಳಿ ಕಟ್ಟುವವರಿಗೆ ಬೇಕಾದ ಮೂಲ ಬೀಜವೇ ಇರುವುದಿಲ್ಲ ಅಲ್ವಾ?

ಸುಧಾರಿತ ತಳಿ ಅಂದರೆ ಬರೀ ಇಲ್ಲಿನದು ಅಂದುಕೊಳ್ಳಬೇಡಿ. ಕರ್ನಾಟಕದಲ್ಲಿ ಬೆಳೆಯುವ ಐಟಿ-38956-1 ಅನ್ನುವ ಅಲಸಂದೆಯ ಮೂಲ ನೈಜೀರಿಯಾದ ಇಬಾಡಾನ್‌ನಲ್ಲಿರುವ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ. ಅಷ್ಟು ದೂರದ ಬೀಜ ನಮ್ಮ ಹೊಲಕ್ಕೆ ಬಂತು. ಪಕ್ಕದ ವಯನಾಡಿನ ಅಂಬಲವಯಲ್‌ನಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಚೆನ್ನಾಗಿ ಬಂದ ತಳಿ ನಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಸಿಗುವುದಿಲ್ಲ. ಇಲ್ಲಿ ಕೊಡುವುದು ಕರ್ನಾಟಕಕ್ಕೆ ಶಿಫಾರಸಾದ ಬೀಜ. ನಿಯಮ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಗಡಿಭಾಗಕ್ಕೆ ಅಂತ ಎರಡೂ ಕಡೆಯವರು ಸೇರಿ ಒಂದೇ ತಳಿಗಳನ್ನು ಬಿತ್ತಿ ನೋಡಬೇಕು. ನಮಗೆ ಕೊರತೆ ಇರುವುದು ಅದರದ್ದೇ.

ಆಫ್ರಿಕಾದಲ್ಲಿ ಬೀನ್ಸ್‌ಗೆ ಇದನ್ನು ಮಾಡಿದ್ದಾರೆ. 1996ರಲ್ಲಿ ಪ್ಯಾನ್-ಆಫ್ರಿಕಾ ಬೀನ್ ರಿಸರ್ಚ್ ಅಲಯನ್ಸ್ ಅನ್ನುವ ಬೀನ್ಸ್ ಸಂಶೋಧನಾ ಒಕ್ಕೂಟ ಶುರುವಾಯಿತು. ಈಗ 30ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಒಂದು ದೇಶದಲ್ಲಿ ಗೆದ್ದ ತಳಿಯನ್ನು ಅಕ್ಕಪಕ್ಕದ ದೇಶದವರೂ ಪಡೆದು ಪರೀಕ್ಷೆ ಮಾಡುತ್ತಾರೆ. ಮೊದಲಿಂದ ಶುರುಮಾಡುವ ಖರ್ಚು, ವರ್ಷಗಳು ಉಳಿಯುತ್ತವೆ. ದೇಶ ದೇಶಗಳ ನಡುವೆ ಆಗುವುದು ಎರಡು ಜಿಲ್ಲೆಗಳ ನಡುವೆ ಆಗಬಾರದಾ?

ರೈತರು ತಮ್ಮೊಳಗೆ ಹಂಚಿಕೊಳ್ಳಲು ಅಡ್ಡಿ ಇಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ ರೈತ ತನ್ನ ಬೀಜ ಉಳಿಸಬಹುದು, ಬಿತ್ತಬಹುದು, ಕೊಟ್ಟು ತೆಗೆದುಕೊಳ್ಳಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರು ಹಾಕಿ ಮಾರುವ ಹಾಗಿಲ್ಲ, ಅಷ್ಟೆ. ಅವರೆ ಹೂವು ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದರಿಂದ ಮನೆ ಬೀಜ ಬೇಗ ಕೆಡುವುದಿಲ್ಲ. ಕೆಮ್ಮಣ್ಣು ಕಲಸಿ ಒಣಗಿಸಿಟ್ಟರೆ ಹುಳವೂ ಕಡಿಮೆ. ಅಲಸಂದೆಯಲ್ಲಿ ಮಾತ್ರ ಜಾಗ್ರತೆ ಬೇಕು. ಅದರ ಮೊಸಾಯಿಕ್ ನಂಜುರೋಗ ಬೀಜದ ಜೊತೆಯೇ ಬರುತ್ತದೆ. ಎಲೆ ಮುದುಡಿ ಹಳದಿ ಮಚ್ಚೆ ಬಿದ್ದ ಗಿಡದ ಬೀಜವನ್ನು ನೆಂಟರಿಗೆ ಕೊಡಬಾರದು, ಅವರಿಂದ ತೆಗೆದುಕೊಳ್ಳಲೂಬಾರದು. ಸುಮ್ನೆ ಕೈಗೆ ಸಿಕ್ಕಿದ್ದನ್ನು ಹಂಚುವುದಕ್ಕಿಂತ ಹೊಲದಲ್ಲೇ ಒಳ್ಳೆ ಗಿಡ ಗುರುತು ಮಾಡಿ ಬೀಜಕ್ಕೆ ಬಿಡಬೇಕು.

ನೀವು ಇಲ್ಲಿ ತಳಿ ಬಿತ್ತಿ ನೋಡುವ ತಾಕು ಹಾಕುವ ಯೋಚನೆಯಲ್ಲಿದ್ದರೆ ಒಂದು ಮಾತು. ಇಳುವರಿ ತೂಗಿ ನಿಲ್ಲಿಸಬೇಡಿ. ರುವಾಂಡಾದಲ್ಲಿ ಬೀನ್ಸ್ ತಳಿ ಆರಿಸಲು ರೈತ ಹೆಂಗಸರನ್ನೇ ಸಂಶೋಧನಾ ತಾಕಿಗೆ ಕರೆದಿದ್ದರು. ಇಲ್ಲೂ ನಮ್ಮ ಕಡೆಯ ಅಂತರಸಂತೆಯ ಹೆಂಗಸರನ್ನೂ ವಯನಾಡಿನ ಮಾನಂದವಾಡಿಯ ಹೆಂಗಸರನ್ನೂ ಒಂದೇ ದಿನ ಕರೆಯಿರಿ. ಹೊಲದಲ್ಲಿ ಗಿಡ ತೋರಿಸಿ, ಅಲ್ಲೇ ಸಾರು ಮಾಡಿಸಿ, ಯಾವ ಕಾಳು ಬೇಗ ಬೇಯುತ್ತದೆ, ಯಾವುದರಲ್ಲಿ ಸೊಗಡಿದೆ ಅಂತ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ.