ಶುಕ್ರವಾರದ ಊಟಕ್ಕೆ ಹೋಗುವ ಮುಂಚೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಮಿಲಾನಿಗೆ ಬಂದು ಎರಡು ತಿಂಗಳಾಯ್ತು, ಮ್ಯಾನೇಜರ್ ಶುಕ್ರವಾರ ರಾತ್ರಿ ದೊಡ್ಡ ಇಟಾಲಿಯನ್ ರೆಸ್ಟೋರೆಂಟಿಗೆ ಕರೆದಿದ್ದಾರೆ, ಏನು ಹಾಕ್ಕೊಳ್ಳಲಿ, ಬಿಲ್ ಯಾರು ಕೊಡ್ತಾರೆ, ಮಾಂಸ ತಿನ್ನದ ನಾನು ಏನು ತಿನ್ನಲಿ ಅಂತ ಕೇಳಿದ್ದೀಯ. ನೀನು ಸಿಂಧನೂರಿನವನು, ನಾನು ಕಾರಟಗಿಯವನು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲೇ ಇಬ್ಬರೂ ಬೆಳೆದವರು. ಅದಕ್ಕೇ ಮನಸ್ಸು ಬಿಚ್ಚಿ ಬರೆಯುತ್ತಿದ್ದೇನೆ.

ಇಸ್ತ್ರಿ ಮಾಡಿದ ಶರ್ಟು, ಒಳ್ಳೆ ಶೂ ಸಾಕು. ಕರೆದವರೇ ಬಿಲ್ ಕೊಡುತ್ತಾರೆ. ನಮ್ಮೂರಲ್ಲಿ ಕೌಂಟರ್ ಹತ್ತಿರ ಕೈ ಹಿಡಿದು ಎಳೆದಾಡುವ ಹಾಗೆ ಇಲ್ಲಿ ಮಾಡಬೇಡ. ಬಿಲ್ಲಿನಲ್ಲಿ ಕಾಣುವ ಕೊಪೆರ್ತೊ ಟಿಪ್ಸ್ ಅಲ್ಲ, ಬ್ರೆಡ್ಡು ಮತ್ತು ಮೇಜಿಗೆ ತಲೆಗಿಷ್ಟು ಅಂತ ಹಾಕುವುದು. ಸ್ಪಗೆಟ್ಟಿಯನ್ನು ಚಾಕುವಿನಿಂದ ಕತ್ತರಿಸಬೇಡ. ಉಳಿದದ್ದು ಪಕ್ಕದವರನ್ನು ನೋಡಿದರೆ ಬರುತ್ತದೆ.

ಊಟದ ಕ್ರಮ ಮಾತ್ರ ಗೊತ್ತಿರಲಿ. ರೊಟ್ಟಿ, ಪಲ್ಯ, ಚಟ್ನಿಪುಡಿ, ಅನ್ನ ಎಲ್ಲಾ ಒಂದೇ ತಾಟಿಗೆ ಬರುವುದಿಲ್ಲ. ಮೊದಲು ಆಂತಿಪಾಸ್ತಿ, ಅಂದರೆ ಊಟಕ್ಕೆ ಮುಂಚಿನ ಸಣ್ಣ ತಿನಿಸು. ಆಮೇಲೆ ಪ್ರಿಮಿ ಅಂದರೆ ಪಾಸ್ತಾ ಅಥವಾ ಅನ್ನ. ಆಮೇಲೆ ಸೆಕೊಂದಿ, ಅದು ಹೆಚ್ಚಾಗಿ ಮಾಂಸ, ಮೀನು. ಪಲ್ಯದಂಥದ್ದು ಬೇಕಾದರೆ ಕೊಂತೊರ್ನಿ ಅಂತ ಬೇರೆಯಾಗಿ ಹೇಳಬೇಕು. ಎಲ್ಲವನ್ನೂ ತಗೋಬೇಕು ಅಂತಿಲ್ಲ.

ಈಗ ನನ್ನ ಮಾತು. ನಾನು ಬಂದದ್ದು 2007ರಲ್ಲಿ. ಮೂರನೇ ತಿಂಗಳು ನನ್ನನ್ನೂ ಹೀಗೇ ಕರೆದರು. ಮೆನುವಿನಲ್ಲಿ ರಿಸೊತ್ತೊ ಅಲ್ಲಾ ಮಿಲಾನೇಸೆ ಅಂತಿತ್ತು. ಅನ್ನ, ಕೇಸರಿ, ಬೆಣ್ಣೆ ಅಂತ ಪಕ್ಕದವರು ಹೇಳಿದರು. ಮೂರು ತಿಂಗಳಿಂದ ನೆಟ್ಟಗೆ ಅನ್ನ ಕಂಡಿರಲಿಲ್ಲ. ಕಣ್ಣು ಮುಚ್ಚಿ ಅದನ್ನೇ ಹೇಳಿದೆ. ಅರ್ಧ ತಿಂದಿದ್ದೆ. ಆಗ ಅವರೇ ಖುಷಿಯಿಂದ, ಈ ರುಚಿ ಬರುವುದು ದನದ ಮೂಳೆಯ ಮಜ್ಜೆಯಿಂದ, ಮಾಂಸ ಕುದಿಸಿದ ಕಟ್ಟಿನಿಂದ ಅಂದರು.

ಕೈ ನಿಂತಿತು. ಕರೆದವರು ಎದುರಿಗೇ ಕೂತು ನೋಡುತ್ತಿದ್ದರು. ತಾಟಿನಲ್ಲಿ ಅನ್ನ ಬಿಡಬಾರದು ಅಂತ ಅವ್ವ ಕಲಿಸಿದ್ದಳು. ಇಂಥದ್ದು ಮುಟ್ಟಬಾರದು ಅಂತ ಕಲಿಸಿದವಳೂ ಅವಳೇ. ನಾನು ಬಾಯಿ ಬಿಡಲಿಲ್ಲ. ಪೂರ್ತಿ ತಿಂದು ಮುಗಿಸಿದೆ.

ಭಾನುವಾರ ಫೋನಿನಲ್ಲಿ ಅವ್ವ ಕೇಳಿದಳು, "ಅಲ್ಲಿ ಅನ್ನ ಸಿಗ್ತದೇನಪ್ಪಾ?" ಕೇಸರಿ ಅನ್ನ ಉಂಡೆ ಅಂದೆ. ಅವಳಿಗೆ ಎಷ್ಟು ಸಮಾಧಾನ ಆಯ್ತು ಅಂದರೆ, ಓಣಿಯವರಿಗೆಲ್ಲ ಹೇಳಿಕೊಂಡು ಬಂದಳು. ಪ್ರತಿ ವರ್ಷ ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ರೊಟ್ಟಿ ಬಡಿದು ಕಳಿಸುತ್ತಿದ್ದ ಹೆಣ್ಣುಮಗಳು. ಪ್ರತಿ ಸಲ ಊರಿಗೆ ಹೋದಾಗ ಹೇಳಬೇಕು ಅಂದುಕೊಂಡೆ. ಹೇಳಲಿಲ್ಲ. 2016ರಲ್ಲಿ ಅವಳು ಹೋದಳು. ತಿಂದದ್ದಕ್ಕಿಂತ, ಅವಳನ್ನು ಸುಳ್ಳಿನ ಮೇಲೆ ಸಂತೋಷಪಡಲು ಬಿಟ್ಟದ್ದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಎಷ್ಟೋ ವರ್ಷ ಆದಮೇಲೆ ಇಲ್ಲಿನ ಒಬ್ಬ ಅಡುಗೆಯವರಿಗೆ ಈ ಕತೆ ಹೇಳಿದೆ. ಅವರಿಗೆ ಬೇಸರವಾಯ್ತು. ಒಂದು ಮಾತು ಹೇಳಿದ್ದರೆ ತರಕಾರಿ ಕಟ್ಟಿನಲ್ಲಿ ಬೇರೆ ಮಾಡಿಕೊಡುತ್ತಿದ್ದರು, ಅನ್ನ ಬೇಯಲು ಹದಿನೆಂಟು ನಿಮಿಷ ಸಾಕು ಅಂದರು.

ಅದಕ್ಕೆ ನಾಳೆಯೇ ಮ್ಯಾನೇಜರಿಗೆ ಹೇಳು. ಹೋಟೆಲಿಗೂ ಫೋನ್ ಮಾಡು. ಸುಮ್ನೆ ವೆಜಿಟೇರಿಯನ್ ಅಂದರೆ ಸಾಲದು, ಕಟ್ಟಿನ ಲೆಕ್ಕ ಅದರಲ್ಲಿ ತಪ್ಪಿಹೋಗಬಹುದು. "ನೋನ್ ಮಾಂಜೊ ಕಾರ್ನೆ ನೆ ಪೆಶೆ" ಅನ್ನು, ಮಾಂಸ ಮೀನು ಎರಡೂ ತಿನ್ನಲ್ಲ ಅಂತ. "ಬ್ರೋದೊ ವೆಜೆತಾಲೆ?" ಅಂತ ಕೇಳು, ತರಕಾರಿ ಕಟ್ಟೇನಾ ಅಂತ. ಪಾರ್ಮಿಜಾನೊ ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ನಾನು ಹಾಕಿಸಿಕೊಳ್ಳುವುದಿಲ್ಲ. ನಿನ್ನದು ನೀನು ನೋಡಿಕೋ. ಇಲ್ಲಿಯವರು ಇದನ್ನೆಲ್ಲ ಅವಮಾನ ಅಂದುಕೊಳ್ಳುವುದಿಲ್ಲ. ಸಂಕೋಚ ನಮ್ಮದು ಮಾತ್ರ.

ತರಕಾರಿ ಕಟ್ಟಿನ ರಿಸೊತ್ತೊ ಸಿಕ್ಕರೆ ಖಂಡಿತ ತಿನ್ನು. ಅಗುಳಿನ ನಡುವೆ ಸ್ವಲ್ಪ ಗಟ್ಟಿ ಇರುತ್ತದೆ. ಬೆಂದಿಲ್ಲ ಅಂದುಕೊಳ್ಳಬೇಡ, ಅವರಿಗೆ ಅದೇ ಹದ. ನಮ್ಮ ಸೋನಾಮಸೂರಿಯ ಹಾಗೆ ಇವರಿಗೆ ಕಾರ್ನರೋಲಿ ಅಂದರೆ ಹೆಮ್ಮೆ. ಮೇ ತಿಂಗಳಲ್ಲಿ ಒಮ್ಮೆ ತೊರಿನೊ ಕಡೆಯ ರೈಲು ಹತ್ತು. ನೊವಾರಾ ದಾಟಿ ವೆರ್ಚೆಲ್ಲಿ ತನಕ ಗದ್ದೆಗಳಲ್ಲಿ ನೀರು ನಿಂತಿರುತ್ತದೆ. 1866ರಲ್ಲಿ ಮುಗಿದ ಕವೂರ್ ಕಾಲುವೆ ಪೋ ನದಿಯ ನೀರನ್ನು ಆ ಕಡೆಗೆ ತರುತ್ತದೆ. ಮೊದಲ ಸಲ ನೋಡಿದಾಗ ನಾಟಿಯ ಹೊತ್ತಿನ ಗಂಗಾವತಿ ಕಂಡ ಹಾಗಾಗಿ, ಕಿಟಕಿ ಬಿಟ್ಟು ಬರಲೇ ಇಲ್ಲ.

ಭಾನುವಾರ ಮನೆಗೆ ಬಾ. ಗುರೆಳ್ಳು ಪುಡಿ ಇದೆ, ಅನ್ನ ಮೆತ್ತಗೆ ಮಾಡುತ್ತೇನೆ. ಬರುವ ಮುಂಚೆ ನಿಮ್ಮ ಅವ್ವನಿಗೆ ಫೋನ್ ಮಾಡು. ಶುಕ್ರವಾರ ಏನು ತಿಂದೆಯೋ ಅದನ್ನೇ ಹೇಳು.