ಅಲೆಕ್ಸಾಂಡರನ ಬಗ್ಗೆ ಅತಿ ನಿಖರವಾದ ಸಿನಿಮಾ ಯಾವುದು? ಅದನ್ನು ನೋಡಿದ ಮೇಲೂ ಪುಸ್ತಕ ಓದಬೇಕಾ?

"ನಮ್ಮ ಓದುಗರ ಗುಂಪಿನಲ್ಲಿ ಮುಂದಿನ ತಿಂಗಳು ಅಲೆಕ್ಸಾಂಡರ್ ಬಗ್ಗೆ ಮಾತಾಡಬೇಕು, ದಪ್ಪ ಪುಸ್ತಕ ಓದಲು ಪುರುಸೊತ್ತಿಲ್ಲ" ಅಂತ ಬರೆದಿದ್ದೀರಿ. ಓದುತ್ತಿದ್ದ ಹಾಗೆ ಹೊಟ್ಟೆಯಲ್ಲಿ ಕಸಿವಿಸಿ ಆಯಿತು. 2009ರಲ್ಲಿ ನಾನು ಥೇಟ್ ಹೀಗೇ ಇದ್ದೆ. ನಿಮಗಿಂತ ಒಂದು ಕೈ ಮೇಲೇ ಅನ್ನಿ, ಯಾಕೆಂದರೆ ಮೈಕು ನನ್ನ ಕೈಯಲ್ಲೇ ಇತ್ತು.

ಆಗ ಮೈಸೂರಿನಲ್ಲಿ ಕೆಲಸ ಹುಡುಕುತ್ತ, ಖರ್ಚಿಗಾಗಲಿ ಅಂತ ಕಾಲೇಜುಗಳಲ್ಲಿ ಕ್ವಿಜ್ ನಡೆಸಿಕೊಡುತ್ತಿದ್ದೆ. ಒಂದಕ್ಕೆ ಸಾವಿರದೈನೂರು ರೂಪಾಯಿ, ಜೊತೆಗೆ ಮಧ್ಯಾಹ್ನದ ಊಟ. ಅಲೆಕ್ಸಾಂಡರ್ ನನ್ನ ಹುಚ್ಚು. ಆಲಿವರ್ ಸ್ಟೋನ್ 2004ರಲ್ಲಿ ತೆಗೆದ ಸಿನಿಮಾವನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೆ. ಅದಕ್ಕೆ ಬೇರೆ ಬೇರೆ ಆವೃತ್ತಿಗಳಿವೆ. 2007ರಲ್ಲಿ ಬಂದ 214 ನಿಮಿಷದ್ದರ ಡಿವಿಡಿ ಕೈಗೆ ಸಿಕ್ಕ ದಿನ ಊಟ ಬಿಟ್ಟು ನೋಡಿದ್ದೇನೆ. ಉದ್ದ ಇದ್ದಷ್ಟೂ ಸತ್ಯ ಜಾಸ್ತಿ ಅನ್ನುವುದು ನನ್ನ ಆಗಿನ ತರ್ಕ.

ಒಂದು ಅಂತರಕಾಲೇಜು ಕ್ವಿಜ್ಜಿನ ಫೈನಲ್‌ನಲ್ಲಿ ನಾನು ಕೇಳಿದ ಪ್ರಶ್ನೆ ಇದು: ಯಾವ ಕಾಳಗದಲ್ಲಿ ಅಲೆಕ್ಸಾಂಡರನ ಎದೆಗೆ ಬಾಣ ನಾಟಿ ಅವನು ಸಾಯುವ ಸ್ಥಿತಿಗೆ ಹೋದ? ಮೂರನೇ ಮೇಜಿನ ಹುಡುಗ, ಯಾವುದೋ ಸರ್ಕಾರಿ ಕಾಲೇಜಿನವನು, ಎದ್ದು "ಮಲ್ಲಿಗಳ ಕೋಟೆ ಸಾರ್, ಮುಲ್ತಾನಿನ ಕಡೆ" ಅಂದ. ನಾನು "ತಪ್ಪು" ಅಂದೆ. ಪ್ರಶ್ನೆ ಪಕ್ಕದ ಮೇಜಿಗೆ ಹೋಯಿತು. ಅವರು "ಝೀಲಂ, ಪೋರಸ್ ಜೊತೆಗಿನ ಯುದ್ಧ" ಅಂದರು. ಹತ್ತು ಅಂಕ. ಹುಡುಗ ಮತ್ತೆ ಎದ್ದು "ಸಾರ್, ಒಂದ್ಸಲ ನೋಡಿ" ಅಂದ. ನಾನು ನಗುತ್ತ "ಕ್ವಿಜ್‌ಮಾಸ್ಟರ್ ತೀರ್ಮಾನವೇ ಅಂತಿಮ" ಅಂದೆ. ಸಭೆ ಚಪ್ಪಾಳೆ ತಟ್ಟಿತು. ಅವನ ತಂಡ ಐದೇ ಅಂಕದಲ್ಲಿ ಸೋತಿತು. ಗೆದ್ದವರು ಆಮೇಲೆ ಟೀ ಕುಡಿಯುವಾಗ ಏನಂದರು ಗೊತ್ತಾ? "ನಾವೂ ಅದೇ ಡಿವಿಡಿ ನೋಡಿದ್ವಿ ಸಾರ್."

ತಪ್ಪು ಹೇಗಾಯಿತು ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. "ಸಿನಿಮಾ ನಂಬಿದೆ, ಕೆಟ್ಟೆ" ಅಂದರೆ ಅರ್ಧ ಮಾತ್ರ ಹೇಳಿದ ಹಾಗೆ.

ಸ್ಟೋನ್ ಸಿನಿಮಾದಲ್ಲಿ ಪೋರಸನ ಆನೆಗಳ ಎದುರಿನ ಕಾಳಗದಲ್ಲೇ ಅಲೆಕ್ಸಾಂಡರನಿಗೆ ಬಾಣ ನಾಟುತ್ತದೆ, ಅಲ್ಲಿಂದಲೇ ಅವನು ಊರಿಗೆ ಹಿಂತಿರುಗುವ ತೀರ್ಮಾನ ಮಾಡುತ್ತಾನೆ. ನಿಜದಲ್ಲಿ ಝೀಲಂ ಯುದ್ಧ ಕ್ರಿ.ಪೂ. 326ರದ್ದು. ಅದನ್ನು ಗೆದ್ದು ಇನ್ನೂ ಪೂರ್ವಕ್ಕೆ ಹೋದ, ಬಿಯಾಸ್ ನದಿಯ ದಡದಲ್ಲಿ ಸೈನಿಕರು "ಇನ್ನು ಒಂದು ಹೆಜ್ಜೆ ಮುಂದಿಡೆವು" ಅಂತ ಕೂತರು, ಹಿಂತಿರುಗಿ ನದಿಗುಂಟ ಇಳಿಯುವಾಗ ಮಲ್ಲಿಗಳ, ಅಂದರೆ ನಮ್ಮ ಮಾಲವರ, ಕೋಟೆಗೆ ಮುತ್ತಿಗೆ ಹಾಕಿದ. ಏಣಿಗಳು ಜನರ ಭಾರಕ್ಕೆ ಮುರಿದವು. ಗೋಡೆಯ ಮೇಲೆ ಉಳಿದವನು ಒಳಕ್ಕೇ ಹಾರಿದ. ಬಾಣ ಬಿದ್ದದ್ದು ಅಲ್ಲಿ. ಎರಡು ಘಟನೆಗಳ ನಡುವೆ ತಿಂಗಳುಗಟ್ಟಲೆ ಅಂತರ, ನಾಲ್ಕಾರು ನದಿ. ಸಿನಿಮಾದವರು ಎರಡನ್ನೂ ಸೇರಿಸಿ ಒಂದೇ ದಿನ ಮಾಡಿದರು. ಅದು ಅವರ ಕಸುಬು, ನನಗೆ ಅದರ ಮೇಲೆ ಸಿಟ್ಟಿಲ್ಲ. ಸಮರ್‌ಕಂದಿನಲ್ಲಿ ಕ್ರಿ.ಪೂ. 328ರಲ್ಲಿ ಕುಡಿದ ಅಮಲಿನಲ್ಲಿ ಅವನು ಗೆಳೆಯ ಕ್ಲೀಟಸನನ್ನು ಕೊಂದದ್ದನ್ನೂ ಅವರು ಭಾರತಕ್ಕೆ ತಂದು ಕೂರಿಸಿದ್ದಾರೆ.

ನನ್ನ ತಪ್ಪು ಬೇರೆ. ಆ ಸಿನಿಮಾಕ್ಕೆ ಸಲಹೆಗಾರರಾಗಿದ್ದವರು ಆಕ್ಸ್‌ಫರ್ಡಿನ ಇತಿಹಾಸಕಾರ ರಾಬಿನ್ ಲೇನ್ ಫಾಕ್ಸ್. ಅಲೆಕ್ಸಾಂಡರನ ಜೀವನಚರಿತ್ರೆ ಬರೆದವರು, ಸಿನಿಮಾದ ಅಶ್ವದಳದಲ್ಲಿ ತಾವೂ ಕುದುರೆ ಹತ್ತಿ ನುಗ್ಗಿದವರು. ಅಂಥವರು ಇದ್ದ ಮೇಲೆ ತಪ್ಪಿರುತ್ತದಾ ಅಂತ ಅಂದುಕೊಂಡೆ. ಸಲಹೆ ಕೊಡುವವರ ಮಾತು ಬೇರೆ, ಕತ್ತರಿ ಹಿಡಿದವರ ಕೈ ಬೇರೆ ಅನ್ನುವುದು ಹೊಳೆಯಲಿಲ್ಲ. ಇನ್ನೊಂದು, ಇದು ಇನ್ನೂ ನಾಚಿಕೆಗೇಡು: ಸಿನಿಮಾದಲ್ಲಿ ಕಥೆ ಹೇಳುವವನು ಮುದುಕ ಟಾಲೆಮಿ. ಅಲೆಕ್ಸಾಂಡರನ ಸೇನಾನಿ, ಆಮೇಲೆ ಈಜಿಪ್ಟಿನ ರಾಜ. ಅಲೆಕ್ಸಾಂಡರನ ದಂಡಯಾತ್ರೆಯ ಚರಿತ್ರೆ ಬರೆದ ಅರ್ರಿಯನ್ ಅನ್ನುವ ಗ್ರೀಕ್ ಲೇಖಕ ಮುಖ್ಯವಾಗಿ ನೆಚ್ಚಿಕೊಂಡದ್ದು ಇದೇ ಟಾಲೆಮಿಯ ಬರಹವನ್ನು ಅಂತ ನನಗೆ ಗೊತ್ತಿತ್ತು. ಅಂದಮೇಲೆ ಸಿನಿಮಾ ಅಂದರೆ ಅರ್ರಿಯನ್, ಅರ್ರಿಯನ್ ಅಂದರೆ ಟಾಲೆಮಿ, ಟಾಲೆಮಿ ಅಂದರೆ ಕಣ್ಣಾರೆ ಕಂಡ ಸಾಕ್ಷಿ. ಎಷ್ಟು ಚೆಂದದ ಸರಪಳಿ!

ಅರ್ರಿಯನ್ ನನ್ನ ಮನೆಯಲ್ಲೇ ಇದ್ದ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಅರವತ್ತು ರೂಪಾಯಿಗೆ ಕೊಂಡ ಹಳೇ ಪ್ರತಿ, ಎರಡು ವರ್ಷದಿಂದ ಕಪಾಟಿನಲ್ಲಿ. ಮುನ್ನುಡಿ ಮಾತ್ರ ಓದಿದ್ದೆ. ಅದರಲ್ಲಿ ಅರ್ರಿಯನ್, ಟಾಲೆಮಿಯನ್ನು ಯಾಕೆ ನಂಬುತ್ತೇನೆಂದರೆ ಅವನು ರಾಜ, ರಾಜನಾದವನಿಗೆ ಸುಳ್ಳು ಬೇರೆಯವರಿಗಿಂತ ಹೆಚ್ಚು ನಾಚಿಕೆಯ ವಿಷಯ ಅನ್ನುತ್ತಾನೆ. (ಅಲೆಕ್ಸಾಂಡರನ ಹೆಣವನ್ನೇ ದಾರಿಯಲ್ಲಿ ಹಾರಿಸಿಕೊಂಡು ಈಜಿಪ್ಟಿಗೆ ಒಯ್ದ ರಾಜ ಇವನು. ಇರಲಿ.)

ವಾರದ ಮೇಲೆ ಸಂಘಟಕರ ಕಡೆಯಿಂದ ಒಂದು ಲಕೋಟೆ ಬಂತು. ಒಳಗೆ ಎರಡು ಹಾಳೆ ಜೆರಾಕ್ಸ್. ಅರ್ರಿಯನ್, 6ನೇ ಪುಸ್ತಕ (ಅವನ ಒಂದೇ ಗ್ರಂಥದ ಭಾಗಗಳಿಗೇ ಪುಸ್ತಕ ಅನ್ನುತ್ತಾರೆ), 11ನೇ ಅಧ್ಯಾಯ. ಕೆಂಪು ಪೆನ್ನಿನ ಗೆರೆ. ಅಲ್ಲಿ ಅರ್ರಿಯನ್ ಏನು ಮಾಡುತ್ತಾನೆಂದರೆ, ಕಥೆ ನಿಲ್ಲಿಸಿ ಬೈಯುತ್ತಾನೆ. ಯಾರನ್ನು? ಬಾಣ ಬಿದ್ದ ಜಾಗವನ್ನು ತಪ್ಪಾಗಿ ಹೇಳುವವರನ್ನು! ಎಲ್ಲರೂ ಇದು ಆಕ್ಸಿಡ್ರಕೈಗಳ ನಾಡಿನಲ್ಲಿ ಆಯಿತು ಅನ್ನುತ್ತಾರೆ, ಅಲ್ಲ, ಮಲ್ಲಿಗಳಲ್ಲಿ. ಪರ್ಷಿಯಾದ ರಾಜ ದಾರಿಯಸ್ಸನ ಜೊತೆಗಿನ ಕೊನೆಯ ಯುದ್ಧ ಅರ್ಬೇಲಾದಲ್ಲಿ ಅನ್ನುತ್ತಾರೆ, ಅಲ್ಲ, ಗಾಗಮೇಲಾದಲ್ಲಿ. ಬಾಣ ಬಿದ್ದಾಗ ಟಾಲೆಮಿ ಗುರಾಣಿ ಹಿಡಿದು ಕಾಪಾಡಿದ ಅನ್ನುತ್ತಾರೆ, ಆದರೆ ತಾನು ಅಲ್ಲಿರಲೇ ಇಲ್ಲ, ಬೇರೆ ಕಡೆ ಕಾದಾಡುತ್ತಿದ್ದೆ ಅಂತ ಟಾಲೆಮಿಯೇ ಬರೆದಿದ್ದಾನೆ.

ನನ್ನ ಸಾಕ್ಷಿ ಸ್ಥಳದಲ್ಲೇ ಇರಲಿಲ್ಲ. ಹಾಗಂತ ಅವನೇ ಹೇಳಿದ್ದ.

ಆ ಆಕ್ಸಿಡ್ರಕೈಗಳು ನಮ್ಮ ಕ್ಷುದ್ರಕರು. ಪತಂಜಲಿಯ ಸಂಸ್ಕೃತ ವ್ಯಾಕರಣ ಗ್ರಂಥ ಮಹಾಭಾಷ್ಯದಲ್ಲಿ ಕ್ಷುದ್ರಕ-ಮಾಲವರ ಸೇನೆ ಜೋಡಿಯಾಗಿಯೇ ಬರುತ್ತದೆ. ಹಾಗಾಗಿ ಗ್ರೀಕರಿಗೆ ಅಕ್ಕಪಕ್ಕದ ಹೆಸರು ಅದಲುಬದಲಾದದ್ದು ಅರ್ಥವಾಗುತ್ತದೆ. ನನ್ನದಕ್ಕೆ ಆ ನೆಪವೂ ಇಲ್ಲ.

ಸಂಘಟಕರು ವಿವರಣೆ ಕೇಳಿದರು. ನಾನು "ಸಿನಿಮಾಕ್ಕೆ ಆಕ್ಸ್‌ಫರ್ಡಿನವರು ಸಲಹೆಗಾರರು" ಅಂತ ಉತ್ತರ ಬರೆದೆ, ತಪ್ಪಾಯಿತು ಅಂತ ಬರೆಯಲಿಲ್ಲ. ಆಮೇಲೆ ಅವರು ಕರೆಯಲಿಲ್ಲ. ಉಳಿದ ಕಾಲೇಜುಗಳಿಗೂ ಸುದ್ದಿ ಹೋಗಿತ್ತು. ಸಾವಿರದೈನೂರರ ಮಾತು ಬಿಡಿ. ಆ ಹುಡುಗನದು ಕೊನೆಯ ವರ್ಷ, ಅದೇ ಅವನ ಕೊನೆಯ ಕ್ವಿಜ್ ಅಂತ ಎಷ್ಟೋ ದಿನ ಆದ ಮೇಲೆ ತಿಳಿಯಿತು.

ಈಗ ನಿಮ್ಮ ಪ್ರಶ್ನೆ. "ಅತಿ ನಿಖರವಾದ ಸಿನಿಮಾ" ಅನ್ನುವುದೇ ತಪ್ಪು ಪ್ರಶ್ನೆ. "ಅತಿ ನಿಖರವಾದ ಪುಸ್ತಕ" ಅಂದಿದ್ದರೂ ಇದನ್ನೇ ಹೇಳುತ್ತಿದ್ದೆ. ಅಲೆಕ್ಸಾಂಡರನನ್ನು ಕಣ್ಣಾರೆ ಕಂಡು ಬರೆದ ಟಾಲೆಮಿ, ಅರಿಸ್ಟೋಬುಲಸ್, ನಿಯಾರ್ಕಸ್ ಇವರ ಮೂಲ ಪುಸ್ತಕಗಳೆಲ್ಲ ಕಳೆದುಹೋಗಿವೆ. ಅವುಗಳನ್ನು ಇಟ್ಟುಕೊಂಡು ಬರೆದವರಲ್ಲಿ ನಮಗೆ ಉಳಿದವರು ಮುಖ್ಯವಾಗಿ ಐದು ಜನ: ಡಯೋಡೋರಸ್, ಕರ್ಟಿಯಸ್, ಪ್ಲೂಟಾರ್ಕ್, ಅರ್ರಿಯನ್, ಜಸ್ಟಿನ್. ಅವರಲ್ಲಿ ಎಲ್ಲರಿಗಿಂತ ಹಳಬ ಡಯೋಡೋರಸ್ ಕೂಡ ಸುಮಾರು 300 ವರ್ಷ ಈಚಿನವನು. ಅರ್ರಿಯನ್ ಬರೆಯುವಾಗ 400 ವರ್ಷ ದಾಟಿತ್ತು. 1565ರ ತಾಳೀಕೋಟೆ ಯುದ್ಧದ ಬಗ್ಗೆ ಹಳೇ ಕಡತ ಮುಂದಿಟ್ಟುಕೊಂಡು ಇವತ್ತು ಯಾರೋ ಬರೆದ ಹಾಗೆ. ಕರ್ಟಿಯಸ್‌ನ ಹತ್ತು ಪುಸ್ತಕಗಳಲ್ಲಿ ಮೊದಲ ಎರಡು ಸಿಕ್ಕೇ ಇಲ್ಲ. ಪ್ಲೂಟಾರ್ಕ್ ಅಂತೂ ಶುರುವಿನಲ್ಲೇ ನಾನು ಬರೆಯುತ್ತಿರುವುದು ಇತಿಹಾಸ ಅಲ್ಲ, ಬಾಳಿನ ಚಿತ್ರ ಅಂತ ಕೈತೊಳೆದುಕೊಳ್ಳುತ್ತಾನೆ. ಸಿನಿಮಾದವರಿಗಿಂತ ಪ್ರಾಮಾಣಿಕ.

ಆದ್ದರಿಂದ ದಪ್ಪ ಜೀವನಚರಿತ್ರೆ ಓದಬೇಡಿ, ಪುರುಸೊತ್ತಿಲ್ಲ ತಾನೇ. ಅರ್ರಿಯನ್‌ನ 5 ಮತ್ತು 6ನೇ ಪುಸ್ತಕ ಓದಿ ಸಾಕು, ಭಾರತದ ಭಾಗ ಮುಕ್ಕಾಲು ಪಾಲು ಅಲ್ಲೇ ಇದೆ. ಪ್ಲೂಟಾರ್ಕ್ ಒಂದು ಭಾನುವಾರದ ಓದು. ಅದರಲ್ಲಿ ಅಂಡ್ರೊಕೊಟ್ಟಸ್ ಅನ್ನುವ ಹುಡುಗ ಅಲೆಕ್ಸಾಂಡರನನ್ನು ನೋಡಿದ್ದ ಅಂತ ಒಂದು ಸಾಲು ಬರುತ್ತದೆ. ಅವನೇ ಚಂದ್ರಗುಪ್ತ ಮೌರ್ಯ. ಜೈನ ಪರಂಪರೆ ಶ್ರವಣಬೆಳಗೊಳದ ಚಂದ್ರಗಿರಿಗೆ ಕರೆತರುವ ಅದೇ ಚಂದ್ರಗುಪ್ತ. ನಿಮ್ಮ ಗುಂಪಿನಲ್ಲಿ ಇದನ್ನು ಹೇಳಿ, ಮೊಬೈಲ್ ನೋಡುತ್ತಿದ್ದವರೂ ತಲೆ ಎತ್ತುತ್ತಾರೆ.

ಎರಡು ಕಡೆ ಎಡವಬೇಡಿ. ಶವಪೆಟ್ಟಿಗೆಯಿಂದ ಬರಿಗೈ ಹೊರಗಿಡಿಸಿದ ಕಥೆ, ಶಾಲಾ ಭಾಷಣಗಳಲ್ಲಿ ಕೇಳಿರುತ್ತೀರಿ, ಈ ಐವರಲ್ಲಿ ಯಾರೂ ಹೇಳಿಲ್ಲ. ಡಯೋಡೋರಸ್ ವರ್ಣಿಸುವುದು ಚಿನ್ನದ ಪೆಟ್ಟಿಗೆ, 64 ಹೇಸರಗತ್ತೆ ಎಳೆದ ರಥ. ಇನ್ನೊಂದು, "ಪೋರಸನೇ ಗೆದ್ದ, ಇಲ್ಲದಿದ್ದರೆ ಅಲೆಕ್ಸಾಂಡರ್ ಅವನ ರಾಜ್ಯ ಯಾಕೆ ವಾಪಸ್ ಕೊಟ್ಟ?" ಅನ್ನುವ ವಾಟ್ಸಾಪ್ ವಾದ. ಗಾಗಮೇಲಾದಲ್ಲಿ ತನ್ನ ವಿರುದ್ಧ ಕಾದಾಡಿದ ಪರ್ಷಿಯನ್ ಮಜೇಯಸ್‌ಗೇ ಅವನು ಬ್ಯಾಬಿಲಾನ್ ವಹಿಸಿದ. ಸೋತವರಿಂದಲೇ ಆಳಿಸುವುದು ಅವನ ರೂಢಿ.

ಸಿನಿಮಾ ನೋಡಿ, ಖಂಡಿತ ನೋಡಿ, ಆದರೆ ಆಮೇಲೆ. ಸೊಹ್ರಾಬ್ ಮೋದಿಯವರ 1941ರ 'ಸಿಕಂದರ್' ನೋಡಿ. ಪೃಥ್ವಿರಾಜ್ ಕಪೂರ್ ಅದರಲ್ಲಿ ಸಿಕಂದರ್. 24 ವರ್ಷ ಬಿಟ್ಟು ಅದೇ ಪೃಥ್ವಿರಾಜ್, ದಾರಾ ಸಿಂಗ್ ಸಿಕಂದರನಾದ 'ಸಿಕಂದರ್-ಎ-ಆಜಂ'ನಲ್ಲಿ ಪೋರಸ್. ಬ್ರಿಟಿಷರು ಇದ್ದಾಗ ತೆಗೆದ ಚಿತ್ರದಲ್ಲಿ ದಂಡೆತ್ತಿ ಬಂದವನನ್ನು ಹೇಗೆ ತೋರಿಸಿದರು, ಸ್ವಾತಂತ್ರ್ಯ ಬಂದ ಮೇಲೆ ಹೇಗೆ ತೋರಿಸಿದರು ಅಂತ ಪಕ್ಕಪಕ್ಕ ಇಟ್ಟು ನೋಡಿ. ನಿಖರತೆಯ ಜಗಳಕ್ಕಿಂತ ಅದು ನೂರು ಪಾಲು ರುಚಿ.

ಆ ಜೆರಾಕ್ಸ್ ಈಗಲೂ ನನ್ನ ಅರ್ರಿಯನ್ ಪ್ರತಿಯೊಳಗೆ ಇದೆ, 6ನೇ ಪುಸ್ತಕದ ಜಾಗದಲ್ಲೇ. ಕೆಂಪು ಗೆರೆಯ ಪಕ್ಕದಲ್ಲಿ ಆ ಹುಡುಗ ಪೆನ್ಸಿಲಿನಲ್ಲಿ ಬರೆದದ್ದು ಮೂರೇ ಪದ: "ಒಂದ್ಸಲ ನೋಡಿ ಸಾರ್."