ಡಿಪ್ಲಾಯ್ ಆದ ಮೇಲೆ ಕನ್ನಡ ಹಾಳಾದರೆ ಫಾಂಟ್ ಹುಡುಕಬೇಡಿ

ವಿಂಡೋಸ್‌ನಿಂದ ಡಿಪ್ಲಾಯ್ ಮಾಡಿದ (ಫೈಲ್‌ಗಳನ್ನು ಸರ್ವರ್‌ಗೆ ಕಳಿಸಿದ) ಮೇಲೆ ಕನ್ನಡ ಹಾಳಾಗುತ್ತಿದೆ, ಲಿನಕ್ಸ್ ಸರ್ವರ್‌ಗೆ ಯಾವ ಫಾಂಟ್ ಹಾಕಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ಫಾಂಟ್ ಇಲ್ಲದಿದ್ದರೆ ಖಾಲಿ ಚೌಕ ಕಾಣುತ್ತದೆ. ನಿಮಗೆ ಕಾಣುತ್ತಿರುವುದು ತಲೆ ಮೇಲೆ ಗೀಟಿರುವ ಇಂಗ್ಲಿಷ್‌ನ ಸಣ್ಣ ‘ಎ’ (à), ಪಕ್ಕದಲ್ಲಿ ಪುಟ್ಟ 2 ಇಲ್ಲವೇ 3, ಮತ್ತೆ ಅದೇ ‘ಎ’, ಅಲ್ವಾ? ಅಕ್ಷರಗಳನ್ನು ಬೈಟ್‌ಗಳಾಗಿ, ಅಂದರೆ ಅಂಕಿಗಳಾಗಿ, ಬರೆದಿಡುವ ರೀತಿಗೆ ಎನ್‌ಕೋಡಿಂಗ್ ಅನ್ನುತ್ತಾರೆ. ಎಲ್ಲ ಭಾಷೆಗೂ ಆಗುವ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿದ್ದ ಕನ್ನಡವನ್ನು, ಪಶ್ಚಿಮ ಯುರೋಪಿನ ಭಾಷೆಗಳ ಹಳೆ ಎನ್‌ಕೋಡಿಂಗ್ ಆದ ವಿಂಡೋಸ್-1252 ಅಂದುಕೊಂಡು ಯಾವುದೋ ಪ್ರೋಗ್ರಾಂ ಓದಿದೆ.

ನಾನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸದಲ್ಲಿದ್ದಾಗ ಇದೇ ಆಯಿತು. ಮಂಡ್ಯ ಕಡೆಯ ಹಾಲಿನ ಡೇರಿಗಳಿಗೆ ರಸೀದಿ ಮುದ್ರಿಸುವ ಸಾಫ್ಟ್‌ವೇರ್ ಅದು. ವಿಂಡೋಸ್‌ನ ಆಜ್ಞಾಭಾಷೆ ಪವರ್‌ಶೆಲ್ 5.1ರಲ್ಲಿ ಬರೆದ ನಮ್ಮ ಸ್ಕ್ರಿಪ್ಟ್ ರಸೀದಿಯ ಟೆಂಪ್ಲೇಟ್ ಓದಿ, ಸರ್ವರ್ ವಿಳಾಸ ಬದಲಿಸಿ, ಮತ್ತೆ ಬರೆಯುತ್ತಿತ್ತು. ಓದುವಾಗಲೂ ಬರೆಯುವಾಗಲೂ ಎನ್‌ಕೋಡಿಂಗ್ ಹೇಳಿರಲಿಲ್ಲ. ಆದರೂ ಕನ್ನಡ ಸರಿಯಾಗಿಯೇ ಬರುತ್ತಿತ್ತು. 1252 ಅಂತ ತಪ್ಪಾಗಿ ಓದಿ, 1252 ಅಂತಲೇ ತಪ್ಪಾಗಿ ಬರೆದರೆ ಬೈಟ್‌ಗಳು ಇದ್ದ ಹಾಗೇ ಉಳಿಯುತ್ತವೆ.

ಆಮೇಲೆ ಸ್ಕ್ರಿಪ್ಟನ್ನು ಸರಿಪಡಿಸುತ್ತೇವೆ ಅಂತ ಫೈಲ್ ಬರೆಯುವ ಆಜ್ಞೆ ಸೆಟ್-ಕಂಟೆಂಟ್‌ಗೆ ಮಾತ್ರ ಯುಟಿಎಫ್-8 ಅಂತ ಸೇರಿಸಿದೆವು. ಓದುವ ಆಜ್ಞೆ ಗೆಟ್-ಕಂಟೆಂಟನ್ನು ಹಾಗೇ ಬಿಟ್ಟೆವು. ಎಲ್ಲ ಹಾಳಾಗಿದ್ದು ಅಲ್ಲೇ. ‘ಮ’ ಅನ್ನುವ ಅಕ್ಷರ ಯುಟಿಎಫ್-8ರಲ್ಲಿ ಮೂರು ಬೈಟ್: 224, 178, 174. ಬಿಓಎಂ (ಇದು ಯೂನಿಕೋಡ್ ಫೈಲ್ ಅಂತ ಹೇಳಲು ಮೊದಲಲ್ಲೇ ಇಡುವ ಗುರುತು) ಇಲ್ಲದ ಫೈಲನ್ನು ಪವರ್‌ಶೆಲ್ 5.1 ವಿಂಡೋಸ್‌ನ ಹಳೆ ಕೋಡ್‌ಪೇಜ್‌ನಲ್ಲಿ, ಅಂದರೆ ಹಳೆ ಎನ್‌ಕೋಡಿಂಗ್‌ನಲ್ಲಿ, ಓದುತ್ತದೆ. ನಮ್ಮ ಇಂಗ್ಲಿಷ್ ವಿಂಡೋಸ್‌ಗಳಲ್ಲಿ ಅದು ಸಾಮಾನ್ಯವಾಗಿ 1252. ಹಾಗಾಗಿ ‘ಮ’ ಅದಕ್ಕೆ ಮೂರು ಲ್ಯಾಟಿನ್ ಚಿಹ್ನೆಗಳಾಗಿ ಕಂಡಿತು. ಬರೆಯುವಾಗ ಆ ಮೂರನ್ನೂ ನಿಷ್ಠೆಯಿಂದ ಯುಟಿಎಫ್-8 ಮಾಡಿತು. ಮೂರು ಬೈಟ್ ಹೋಗಿ ಆರಾಯಿತು. ಈಗ ಫೈಲ್ ಶುದ್ಧ ಯುಟಿಎಫ್-8, ಯಾವ ಎಡಿಟರ್ ಕೂಡ ದೂರುವುದಿಲ್ಲ. ಒಳಗಿರುವುದು ಮಾತ್ರ ಕನ್ನಡ ಅಲ್ಲ. ನಮ್ಮ ಟೆಸ್ಟ್‌ಗಳೆಲ್ಲ ಇಂಗ್ಲಿಷ್ ಹೆಸರುಗಳಲ್ಲಿದ್ದವು. ಇಂಗ್ಲಿಷ್ ಅಕ್ಷರಗಳು ಎರಡರಲ್ಲೂ ಒಂದೇ, ಹಾಗಾಗಿ ಎಲ್ಲ ಪಾಸ್. ಬೆಳಿಗ್ಗೆ ಹಾಲು ಹಾಕಲು ಬಂದ ರೈತರ ಕೈಗೆ ಓದಲಾಗದ ರಸೀದಿ ಹೋಯಿತು. ಎಷ್ಟು ಲೀಟರ್, ಎಷ್ಟು ಫ್ಯಾಟ್ ಅನ್ನುವ ಲೇಬಲ್‌ಗಳೇ ಇಲ್ಲದೆ ಬರೀ ಅಂಕಿ. ಅವರ ದುಡ್ಡಿನ ಲೆಕ್ಕ ಅದು.

ಟೆಂಪ್ಲೇಟನ್ನು, ಹಳೆ ಪ್ರತಿಗಳನ್ನು ಉಳಿಸಿಡುವ ಗಿಟ್‌ನಿಂದ ವಾಪಸ್ ತಂದೆವು. ಹೀಗೇ ಕೆಟ್ಟು ಡೇಟಾಬೇಸ್‌ಗೆ ಹೋದ ಊರಿನ ಹೆಸರುಗಳನ್ನು ತಿರುಗಿಸಲು, ಎನ್‌ಕೋಡಿಂಗ್ ಬದಲಿಸುವ ಐಕಾನ್ವ್ ಬಳಸಿದರೆ ಅದು ನಡುವೆ ನಿಂತಿತು. ಮಂಡ್ಯದಲ್ಲಿರುವ ಅರ್ಧಾಕ್ಷರದ ಗುರುತಿನ ಕೊನೆ ಬೈಟ್ 141, ಮೈಸೂರಿನ ಉಕಾರದ್ದು 129. ಎರಡಕ್ಕೂ 1252ರಲ್ಲಿ ಅಕ್ಷರವೇ ಇಲ್ಲ. ಕೊನೆಗೆ ಕೆಡಿಸಿದ ಡಾಟ್‌ನೆಟ್‌ನಲ್ಲೇ (ಪವರ್‌ಶೆಲ್ ನಿಂತಿರುವುದೇ ಅದರ ಮೇಲೆ) ತಿರುಗಿಸಿದೆವು, ಅದು ಆ ಬೈಟ್‌ಗಳನ್ನು ಬಿಡದೆ ಕಾಪಾಡಿತ್ತು. ನಿಮ್ಮಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಸೇವ್ ಆಗಿದ್ದರೆ ತಿರುಗಿಸಲು ಏನೂ ಉಳಿದಿಲ್ಲ, ಬ್ಯಾಕಪ್‌ನಿಂದಲೇ ತನ್ನಿ.

ಇನ್ನು ಇಂಗ್ಲಿಷ್‌ನ ದೊಡ್ಡ ‘ಎ’ ಮೇಲೆ ಗೀಟು (À), ನಡುನಡುವೆ ಪೌಂಡ್ ಚಿಹ್ನೆ ಕಂಡರೆ ಅದು ಬೇರೆಯೇ ಕಥೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಅದಕ್ಕೆ ಯೂನಿಕೋಡ್ ಪರಿವರ್ತಕವೇ ಬೇಕು.

ಲೇಬಲ್‌ಗಳನ್ನು ಇಂಗ್ಲಿಷ್ ಮಾಡಿಬಿಡಲಾ ಅಂತಲೂ ಕೇಳಿದ್ದೀರಿ. ದಯವಿಟ್ಟು ಬೇಡ. ಆ ರಸೀದಿ ಇರುವುದೇ ಅದನ್ನು ಓದುವವರಿಗಾಗಿ. ನನ್ನ ಪ್ರಕಾರ ಡಿಪ್ಲಾಯ್ ಸ್ಕ್ರಿಪ್ಟ್ ಪಠ್ಯದ ಫೈಲ್‌ಗಳನ್ನು ಮುಟ್ಟಲೇಬಾರದು. ಸರ್ವರ್ ವಿಳಾಸವನ್ನು ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿಡಿ (ಫೈಲಿನ ಹೊರಗೆ, ಸಿಸ್ಟಂನಲ್ಲೇ ಇಡುವ ಸೆಟ್ಟಿಂಗ್), ಫೈಲನ್ನು ಸುಮ್ನೆ ಕಾಪಿ ಮಾಡಿ, ಎರಡೂ ಕಡೆ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿ. ಮುಟ್ಟಲೇಬೇಕು ಅಂದರೆ ಪವರ್‌ಶೆಲ್ 7ಕ್ಕೆ ಹೋಗಿ, ಅಲ್ಲಿ ಎರಡೂ ಕಡೆ ಬಿಓಎಂ ಇಲ್ಲದ ಯುಟಿಎಫ್-8 ತಾನಾಗಿಯೇ ಇರುತ್ತದೆ. 5.1ರಲ್ಲೇ ಇರುವುದಾದರೆ ಓದುವ ಸಾಲಿಗೂ ಎನ್‌ಕೋಡಿಂಗ್ ಬರೆಯಿರಿ. ಅಲ್ಲಿ ಸೆಟ್-ಕಂಟೆಂಟ್ ಯುಟಿಎಫ್-8 ಜೊತೆ ಬಿಓಎಂ ಕೂಡ ಸೇರಿಸುತ್ತದೆ, ಹಾಗಾಗಿ ಲಿನಕ್ಸ್‌ಗೆ ಹೋಗುವ ಶೆಲ್ ಸ್ಕ್ರಿಪ್ಟ್‌ಗಳನ್ನು ಅದರಿಂದ ಬರೆಯಬೇಡಿ, ಮೊದಲ ಸಾಲೇ ಕೈಕೊಡುತ್ತದೆ.